ಹಾನಗಲ್ಲಿನಿಂದ ಹಿರೇಕೆರೂರಿಗೆ: ಹಳೆಯ ಪೇಟೆಗಳ ದಾರಿಯಲ್ಲಿ

ಹಿರಿಯರು ಕಟ್ಟಿದ ಮನೆಯನ್ನು ಉಳಿಸಿಕೊಳ್ಳಬೇಕೆ, ಕೊಟ್ಟುಬಿಡಬೇಕೆ ಎಂಬ ಪ್ರಶ್ನೆ ಇಂದು ನಮ್ಮ ಎಷ್ಟೋ ಮನೆತನಗಳ ಮುಂದೆ ನಿಂತಿದೆ. ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದಾರೆ. ಮನೆಯಲ್ಲಿ ಉಳಿದವರು ಒಬ್ಬಿಬ್ಬರು ವೃದ್ಧರು. ಹಂಚು ಸರಿದ ಕಡೆ ಮಳೆನೀರು ಸೋರುತ್ತದೆ. ಪೇಟೆಯ ಬೀದಿ ಅಗಲವಾದೀತೆಂಬ ಸುದ್ದಿ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಕೊಳ್ಳುವವರು ಮಾತ್ರ ತಿಂಗಳಿಗೊಮ್ಮೆ ಬರುತ್ತಾರೆ. ನಮ್ಮ ಮನೆತನದ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಹಾವೇರಿ ಜಿಲ್ಲೆಯ ಒಂದು ಹಳೆಯ ಪೇಟೆಯಲ್ಲಿ ನಮ್ಮ ಮುತ್ತಜ್ಜನವರು ಕಟ್ಟಿಸಿದ ಮನೆಯನ್ನು ಕೆಡವಿ ಅಂಗಡಿ ಮಳಿಗೆಗಳನ್ನು ಎಬ್ಬಿಸಬೇಕೆಂದು ನಮ್ಮ ಅಣ್ಣತಮ್ಮಂದಿರಲ್ಲಿ ಮಾತು ಬಹುಮಟ್ಟಿಗೆ ಮುಗಿದಿತ್ತು. ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಸೀಮೆಯ ಯಾವ ಹಳೆಯ ಪೇಟೆಯ ಹೆಸರನ್ನು ಹೇಳಿದರೂ ಕಥೆ ಅದೇ.

ಕಾಗದಪತ್ರಗಳಿಗೆ ಸಹಿ ಹಾಕುವ ಮೊದಲು ತಾಯಿಯವರ ಮಾತಿನಂತೆ ನಮ್ಮ ಸೋದರಮಾವನವರನ್ನು ಕೇಳಲು ಹೋದೆವು. ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ನಗರ ಯೋಜನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ನಕ್ಷೆ, ಅಳತೆ, ಕಾಯಿದೆ ಎಲ್ಲವನ್ನೂ ಬಲ್ಲವರು. ಮಳಿಗೆಗಳ ನಕ್ಷೆಯನ್ನು ಅವರೇ ತಿದ್ದಿ ಕೊಡಬಹುದೆಂದು ನಮ್ಮ ಎಣಿಕೆಯಾಗಿತ್ತು. ನಾವು ಬಿಚ್ಚಿಟ್ಟ ನಕ್ಷೆಯನ್ನು ಅವರು ಬಹಳ ಹೊತ್ತು ನೋಡಿ ಮಡಚಿ ಕೈಗಿತ್ತರು.

"ತಮ್ಮಾ, ಮನಿ ಕೆಡವೂದು ಒಂದು ದಿನದ ಕೆಲಸ. ಆ ಮನಿ ಎಂಥಾ ಊರಾಗ ಐತಿ ಅನ್ನೂದನ್ನ ಮೊದಲು ತಿಳಕೋರಿ. ನಾಕು ದಿನ ನನ್ನ ಸಂಗಡ ಬರ್ರಿ. ಆಮ್ಯಾಲೆ ನೀವು ಹೇಳಿದಂಗ ನಕ್ಷೆ ತಿದ್ದಿಕೊಡತೀನಿ" ಎಂದರು.

ದೀಪಾವಳಿ ಕಳೆದು ಚಳಿ ಕಾಲಿಟ್ಟಿತ್ತು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳನ್ನು ನಾಲ್ಕು ದಿನಗಳಲ್ಲಿ ಸುತ್ತುವುದೆಂದು ನಿಶ್ಚಯವಾಯಿತು. ಊರಿನಿಂದ ಊರಿಗೆ ವಾಹನದಲ್ಲಿ ಹೋಗಬಹುದು, ಊರೊಳಗೆ ಮಾತ್ರ ನಡೆದೇ ನೋಡಬೇಕು ಎಂಬುದು ಮಾಮನವರ ಕಟ್ಟಳೆ.

ಕೆಂಪು ಪೆನ್ಸಿಲಿನ ಗೆರೆ

ಹಾನಗಲ್ಲಿನ ದಾರಿಯಲ್ಲಿ ಮಾಮನವರು ತಮ್ಮ ಕೆಲಸದ ಮೊದಲ ವರ್ಷಗಳ ಮಾತು ತೆಗೆದರು. ಆಗ ಅವರು ತರುಣರು. ಒಂದು ಊರಿನ ನಕ್ಷೆಯ ಮೇಲೆ ಹಳೆಯ ಪೇಟೆಯ ನಡುವೆ ಕೆಂಪು ಪೆನ್ಸಿಲಿನಿಂದ ನೇರವಾದ ಗೆರೆಯೊಂದನ್ನು ಎಳೆದರು. ಮೇಲಿನವರು ಮೆಚ್ಚಿದರು. ಕೆಲವು ವರ್ಷಗಳ ಮೇಲೆ ಆ ಊರಿಗೆ ಹೋದಾಗ ಗೆರೆ ರಸ್ತೆಯಾಗಿತ್ತು. ಸಾಲು ಮನೆಗಳ ಕಟ್ಟೆಗಳಿರಲಿಲ್ಲ. ಅರ್ಧ ಕೊರೆದ ಪಡಸಾಲೆಗಳು ಬಾಯ್ದೆರೆದು ನಿಂತಿದ್ದವು. ಒಂದು ಮನೆಯ ದೇವರ ಜಗುಲಿ ರಸ್ತೆಗೆ ಕಾಣುತ್ತಿತ್ತು. ಮುದುಕಿಯೊಬ್ಬಳು ಅದರ ಮುಂದೆ ಸೀರೆಯ ಪರದೆ ಕಟ್ಟಿ ಪೂಜೆ ಮಾಡುತ್ತಿದ್ದಳಂತೆ.

"ಆ ಗೆರಿ ಎಳಿಯೂ ಮೊದಲು ನಾನು ಆ ಬೀದಿಯೊಳಗ ಒಂದು ಸಲಾನೂ ನಡದಿರಲಿಲ್ಲ" ಎಂದು ಹೇಳಿ ಮಾಮನವರು ಸುಮ್ಮನಾದರು.

ಅಲ್ಲಿಂದ ಅವರ ಕಲಿಕೆಯ ದಾರಿ ಬೇರೆಯಾಯಿತು. ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ವರದಿಗಳಿಂದ ಅವರಿಗೆ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಹಿರಿಯರ ಪರಿಚಯವಾಯಿತು. ಈ ಯಾತ್ರೆಯುದ್ದಕ್ಕೂ ಆ ಹೆಸರು ನಮ್ಮ ಜೊತೆಗಿದ್ದುದರಿಂದ ಅವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು.

ಗೆಡ್ಡಿಸ್ ಸ್ಕಾಟ್ಲೆಂಡಿನಲ್ಲಿ 1854ರಲ್ಲಿ ಹುಟ್ಟಿದವರು. ಮೊದಲಿಗೆ ಜೀವಶಾಸ್ತ್ರದ ವಿದ್ಯಾರ್ಥಿ, ಸಸ್ಯಶಾಸ್ತ್ರದ ಅಧ್ಯಾಪಕ. ಎಡಿನ್‌ಬರೋ ನಗರದ ಉಳ್ಳವರು ಆಗ ಹಳೆಯ ಊರನ್ನು ಬಿಟ್ಟು ಹೊಸ ಬಡಾವಣೆಗಳನ್ನು ಸೇರಿದ್ದರು. ಹಳೆಯ ಊರಿನ ಎತ್ತರದ ಮನೆಗಳಲ್ಲಿ ಬಡವರು ಕಿಕ್ಕಿರಿದು ಬದುಕುತ್ತಿದ್ದರು. ಗೆಡ್ಡಿಸ್ 1886ರಲ್ಲಿ ಆನಾ ಮಾರ್ಟನ್ ಎಂಬವರನ್ನು ಮದುವೆಯಾದರು. ಆ ಬಳಿಕ ದಂಪತಿಗಳು ತಿರುಗಿ ಆ ಹಳೆಯ ಊರಿನೊಳಕ್ಕೇ ಬಂದು ಜೇಮ್ಸ್ ಕೋರ್ಟ್ ಎಂಬ ವಠಾರದಲ್ಲಿ ಸಂಸಾರ ಹೂಡಿದರು. ನೆರೆಯವರನ್ನು ಕೂಡಿಸಿಕೊಂಡು ಗೋಡೆಗೆ ಸುಣ್ಣ ಹಚ್ಚಿದರು. ಕಸ ತುಂಬಿದ ಬಯಲುಗಳನ್ನು ಕೈತೋಟ ಮಾಡಿದರು. ಕುಸಿಯುತ್ತಿದ್ದ ಮನೆಗಳನ್ನು ದುರಸ್ತಿ ಮಾಡಿಸಿ ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸಿದರು. ಇತರರಿಗೆ ಉಪದೇಶ ಹೇಳುವ ಮೊದಲು ತಾವೇ ಆ ಓಣಿಯಲ್ಲಿ ಬಾಳಿ ತೋರಿಸಿದ್ದು ಅವರ ದೊಡ್ಡತನ.

ಅವರು ಭಾರತಕ್ಕೆ ಬಂದದ್ದು 1914ರಲ್ಲಿ. ನಗರಗಳ ಕುರಿತಾದ ಅವರ ಪ್ರದರ್ಶನದ ಸಾಮಗ್ರಿಗಳನ್ನೆಲ್ಲ ಹೊತ್ತು ಬರುತ್ತಿದ್ದ ಹಡಗನ್ನು ಮಹಾಯುದ್ಧದ ಆ ದಿನಗಳಲ್ಲಿ ಜರ್ಮನರ ಎಮ್ಡೆನ್ ಎಂಬ ಯುದ್ಧನೌಕೆ ಮುಳುಗಿಸಿತು. ಅವರು ಧೃತಿಗೆಡಲಿಲ್ಲ. ಹೊಸದಾಗಿ ಸಾಮಗ್ರಿ ಕೂಡಿಸಿ 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇ ಬಿಟ್ಟರು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ನಮ್ಮ ದೇಶದ ಹತ್ತಾರು ಊರುಗಳನ್ನು ಓಣಿ ಓಣಿ ತಿರುಗಿ ವರದಿಗಳನ್ನು ಬರೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ಆ ಕಾಲದಲ್ಲಿ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಓದುಗರು ನೆನೆಯಬೇಕು. ಆ ಪ್ರಾಂತಕ್ಕೆ ನಗರ ಯೋಜನೆಯ ಕಾಯಿದೆ ಬಂದದ್ದು 1915ರಲ್ಲಿ.

ಇಕ್ಕಟ್ಟಾದ ಹಳೆಯ ಪೇಟೆಯ ನಡುವೆ ನೇರ ರಸ್ತೆ ಕೊರೆದರೆ ಊರು ಶುದ್ಧವಾಗುವುದೆಂದು ಅಂದಿನ ಇಂಜಿನಿಯರರು ನಂಬಿದ್ದರು. ಗೆಡ್ಡಿಸ್ ಅದನ್ನು ಒಪ್ಪಲಿಲ್ಲ. ಒಳ್ಳೆಯ ವೈದ್ಯನು ಮೊದಲು ನಾಡಿ ಹಿಡಿಯುತ್ತಾನೆ. ಕೊಯ್ಯಲೇಬೇಕಾದರೆ ಕೆಟ್ಟ ಭಾಗವನ್ನಷ್ಟೇ ಕೊಯ್ದು ಉಳಿದುದನ್ನು ಕಾಪಾಡುತ್ತಾನೆ. ಊರಿಗೂ ಅದೇ ರೀತಿ. ಬಿದ್ದುಹೋದ ಒಂದೆರಡು ಮನೆಗಳ ಜಾಗವನ್ನು ತೆರವು ಮಾಡಿ ಅಲ್ಲೊಂದು ಗಿಡ ನೆಟ್ಟರೆ, ಬಾವಿಯ ಹೂಳು ತೆಗೆದರೆ, ಬೀದಿಯ ಮೂಲೆಯನ್ನು ತುಸು ಸಡಿಲಿಸಿದರೆ ಸಾಕು. ಗಾಳಿ ಬೆಳಕು ಬರುತ್ತದೆ; ಜನ ಮನೆ ಬಿಟ್ಟು ಹೋಗಬೇಕಾಗುವುದಿಲ್ಲ; ವೆಚ್ಚವೂ ಬಹಳ ಕಡಿಮೆ. ತಂಜಾವೂರು, ಮಧುರೆಯಂಥ ಊರುಗಳಿಗೆ ಅವರು ಸೂಚಿಸಿದ್ದು ಇಂಥ ಚಿಕಿತ್ಸೆಯನ್ನೇ. ಉಳಿಸುವುದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಎಂದು ಅದನ್ನು ಕರೆಯಬಹುದು.

ಹಾನಗಲ್ಲು: ಗುಡಿ ಮತ್ತು ಮನೆ

ಶಾಸನಗಳಲ್ಲಿ ಪಾನುಂಗಲ್ಲು ಎನಿಸಿದ ಹಾನಗಲ್ಲು ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಊರು. ಪಾಂಡವರು ಅಜ್ಞಾತವಾಸವನ್ನು ಕಳೆದ ವಿರಾಟನಗರಿ ಇದೇ ಎಂದು ಜನರ ನಂಬಿಕೆ. ನಾವು ಬೆಳಗಿನ ಎಳೆಬಿಸಿಲಲ್ಲಿ ತಾರಕೇಶ್ವರ ದೇವಾಲಯವನ್ನು ಸೇರಿದೆವು. ಸಭಾಮಂಟಪದ ನಡುವೆ ನಿಂತು ತಲೆಯೆತ್ತಿದರೆ ಎಂಟು ಮೂಲೆಯ ವಿಶಾಲ ಛಾವಣಿಯಲ್ಲಿ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿದೆ. ಅದನ್ನು ನೋಡುತ್ತ ಕುತ್ತಿಗೆ ನೋಯುವವರೆಗೂ ಎಲ್ಲರೂ ಮೌನವಾಗಿದ್ದೆವು. ಹನ್ನೆರಡನೆಯ ಶತಮಾನದ ಶಿಲ್ಪಿಯ ಕಾಯಕ ಅದು. ಹೆಸರು ಹೇಳಿಕೊಳ್ಳದೆ ಮಾಡಿದ ಕಾಯಕ.

ಗುಡಿಯಿಂದ ಹೊರಬಂದು ಸುತ್ತಲಿನ ಓಣಿಗಳಲ್ಲಿ ನಡೆದೆವು. ಇಲ್ಲಿ ಮಾಮನವರು ಒಂದು ಕಠಿಣ ಸತ್ಯವನ್ನು ತಿಳಿಸಿದರು. ಕೇಂದ್ರ ಸರಕಾರ ರಕ್ಷಿಸಿದ ಸ್ಮಾರಕಗಳ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 2010ರಲ್ಲಿ ಕಾಯಿದೆಯನ್ನು ತಿದ್ದಿ ಈ ನಿಯಮವನ್ನು ಬಿಗಿಮಾಡಲಾಯಿತು. ನಿಷೇಧಿತ ಎಲ್ಲೆಯೊಳಗಿನ ಹಳೆಯ ಮನೆಯನ್ನು ದುರಸ್ತಿ ಮಾಡಿಕೊಳ್ಳಬಹುದು, ಅದಕ್ಕೂ ಅಪ್ಪಣೆ ಬೇಕು. ಗುಡಿಯ ಮಗ್ಗುಲಿಗೆ ಮಹಡಿಗಳು ಎದ್ದು ಗೋಪುರವನ್ನು ಮರೆಮಾಡದಂತೆ ತಡೆಯಲು ಈ ನಿಯಮ ಬೇಕೇ ಬೇಕು. ಆದರೆ ಸೋರುವ ಮನೆಯಲ್ಲಿ ಅಪ್ಪಣೆಗಾಗಿ ಕಾಯುವ ಸಂಸಾರದ ಕಷ್ಟವೂ ಸುಳ್ಳಲ್ಲ. ಕಾಯಲಾರದವರು ಕೀಲಿ ಹಾಕಿ ಹೊಸ ಬಡಾವಣೆಗೆ ಹೋಗುತ್ತಾರೆ. ಗುಡಿ ಉಳಿಯುತ್ತದೆ, ಗುಡಿಗೆ ದೀಪ ಹಚ್ಚುತ್ತಿದ್ದ ಓಣಿ ಬರಿದಾಗುತ್ತದೆ. "ಗುಡಿ ಉಳಿಸೂದು ಕಾಯಿದೆ ಕೆಲಸ. ಓಣಿ ಉಳಿಸೂದು ಯಾರ ಕೆಲಸ?" ಎಂದು ಮಾಮನವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರದ ಒಂದು ತುಣುಕು ವಿರಕ್ತಮಠದಲ್ಲಿ ದೊರೆಯಿತು. ಹಾನಗಲ್ಲ ಕುಮಾರ ಶಿವಯೋಗಿಗಳ ಹೆಸರನ್ನು ಅರಿಯದ ಮನೆ ನಮ್ಮ ಸಮಾಜದಲ್ಲಿಲ್ಲ. 1904ರಲ್ಲಿ ಮಹಾಸಭೆ, 1909ರಲ್ಲಿ ಮಲಪ್ರಭೆಯ ದಂಡೆಯ ಶಿವಯೋಗಮಂದಿರ, ಇದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಬಾಲಕನಿಗೆ ಆಸರೆಯಿತ್ತು ಗಾನಯೋಗಿ ಪಂಚಾಕ್ಷರಿ ಗವಾಯಿಗಳನ್ನು ನಾಡಿಗೆ ಕೊಟ್ಟದ್ದು, ಇವೆಲ್ಲ ಪೂಜ್ಯರ ಪುಣ್ಯಕಾರ್ಯಗಳು. ಮಾಮನವರು ಆ ಹಿರಿಮೆಗೆ ಇನ್ನೊಂದು ಮಾತನ್ನು ಸೇರಿಸಿದರು. ಊರ ನಡುವಿನ ಒಂದು ಮಠ ತನ್ನ ಬಾಗಿಲನ್ನು ದಿನವೂ ತೆರೆದಿಟ್ಟರೆ ಅದರ ಸುತ್ತಲಿನ ಬೀದಿ ಸಾಯುವುದಿಲ್ಲ. ಬರುವ ಭಕ್ತರಿಗೆ ಹೂವು, ಕಾಯಿ, ವಿಭೂತಿ ಬೇಕು. ಊಟಕ್ಕೆ ಕಾಳುಕಡಿ ಬೇಕು. ಕುಳಿತು ಮಾತಾಡಲು ಕಟ್ಟೆ ಬೇಕು. ದಾಸೋಹವು ಹಸಿದವರಿಗೆ ಅನ್ನ ಕೊಡುವುದರ ಜೊತೆಗೆ ಒಂದು ಪೇಟೆಗೂ ಬದುಕು ಕೊಡುತ್ತದೆ ಎಂಬುದು ನಮಗೆ ಅಂದು ಹೊಳೆಯಿತು.

ಸಂಜೆ ಆನೆಕೆರೆಯ ಏರಿಯ ಮೇಲೆ ಕುಳಿತೆವು. ಹೊಯ್ಸಳ ವೀರಬಲ್ಲಾಳನು 1196ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಈ ಕೆರೆಯ ಬಳಿಯಲ್ಲೇ ಬೀಡುಬಿಟ್ಟಿದ್ದನು. ಮುತ್ತಿಗೆ ಹಾಕಿದವನೂ ಹೋದ, ಕಾದವನೂ ಹೋದ, ಕೆರೆ ಇದೆ. ಗೆಡ್ಡಿಸ್ ಠಾಣೆ ಪಟ್ಟಣದ ವರದಿಯನ್ನು ಬರೆದಾಗ ಊರಿನ ಕೆರೆಗಳನ್ನು ಮುಚ್ಚಬಾರದೆಂದು ವಾದಿಸಿದ ಸಂಗತಿಯನ್ನು ಮಾಮನವರು ಇಲ್ಲಿ ಹೇಳಿದರು. ಮಲೇರಿಯಾ ಹರಡುವ ಸೊಳ್ಳೆಗಳಿಗೆ ಹೆದರಿ ಅಂದಿನ ಅಧಿಕಾರಿಗಳು ಕೆರೆಗಳನ್ನು ಮಣ್ಣಿನಿಂದ ತುಂಬಲು ಹೊರಟಿದ್ದರು. ಕೆರೆಯನ್ನು ಶುದ್ಧವಾಗಿಟ್ಟು ಮೀನು, ಬಾತುಕೋಳಿ ಬಿಟ್ಟರೆ ಅವೇ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ಕೆರೆಯಿಂದ ಊರಿಗೆ ತಂಪು ದೊರೆಯುತ್ತದೆ ಎಂದು ಆ ಜೀವಶಾಸ್ತ್ರಜ್ಞರು ತಿಳಿಸಿದರು.

ಆ ಮಾತು ನಮ್ಮ ಎದೆಗೆ ನೇರವಾಗಿ ತಾಗಿತು. ಹತ್ತು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲ ಬಾವಿಯನ್ನು ಸೊಳ್ಳೆಯ ನೆಪ ಹೇಳಿ ಕಲ್ಲು ಇಟ್ಟಂಗಿಯ ಚೂರುಗಳಿಂದ ತುಂಬಿಸಿದವರು ನಾವೇ. ನಳದ ನೀರು ಬಂದಿತ್ತು, ಬಾವಿ ಯಾರಿಗೂ ಬೇಡವಾಗಿತ್ತು. ಅಂದು ನಮ್ಮ ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಕೊನೆಯ ಬುಟ್ಟಿ ಸುರಿಯುವ ಮೊದಲು ಅರಿಷಿಣ ಕುಂಕುಮ ತಂದು ಬಾವಿಯ ಕಟ್ಟೆಗೆ ಹಚ್ಚಿ ಒಳಗೆ ಹೋದರು. ಆ ನೆನಪನ್ನು ಆನೆಕೆರೆಯ ಏರಿಯ ಮೇಲೆ ಯಾರಿಗೂ ಹೇಳಲಾಗಲಿಲ್ಲ.

ಬಂಕಾಪುರ ಮತ್ತು ಶಿಗ್ಗಾವಿ: ಬಳಕೆಯೇ ಉಸಿರು

ಎರಡನೆಯ ದಿನ ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಬಂದೆವು. ರಾಷ್ಟ್ರಕೂಟರ ಕಾಲದಲ್ಲಿ ಬಂಕೆಯನ ಹೆಸರಿನಿಂದ ಬೆಳಗಿದ ಪಟ್ಟಣವಿದು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು ಈ ಊರಿನಲ್ಲಿ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿ ಎಂದೇ ಕರೆಯುತ್ತಾರೆ. ಬ್ರಿಟಿಷರ ಕಾಲದಲ್ಲಿ ತಾಲೂಕಿನ ಹೆಸರು ಬಂಕಾಪುರ, ಕಚೇರಿ ಇದ್ದದ್ದು ಮಾತ್ರ ಶಿಗ್ಗಾವಿಯಲ್ಲಿ. ಕಚೇರಿ ಇದ್ದಲ್ಲಿಗೆ ವಕೀಲರು ಬರುತ್ತಾರೆ, ವಕೀಲರಿದ್ದಲ್ಲಿಗೆ ಪಕ್ಷಗಾರರು, ಅವರ ಹಿಂದೆ ಖಾನಾವಳಿ, ಅಂಗಡಿ. ಒಂದು ಕಚೇರಿಯ ಸ್ಥಾನದಿಂದ ಒಂದು ಊರು ಬೆಳೆಯುತ್ತದೆ, ಇನ್ನೊಂದು ನೆರಳಿಗೆ ಸರಿಯುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ಆದರೂ ಬಂಕಾಪುರದ ಕೋಟೆ ಉಳಿದುಕೊಂಡ ಬಗೆ ಸ್ವಾರಸ್ಯವಾಗಿದೆ. ಅದರೊಳಗೆ ಖಿಲಾರಿ ತಳಿಯ ದನಗಳನ್ನು ಸಾಕುವ ಸರಕಾರಿ ಕೇಂದ್ರ ಬಂತು. ದನಗಳಿಗಾಗಿ ಹುಲ್ಲು ಬೆಳೆಯಿತು, ಗಿಡಮರಗಳು ಉಳಿದವು. ಅಲ್ಲಿ ನವಿಲುಗಳು ಬಂದು ನೆಲೆಸಿದವು. 139 ಎಕರೆಯ ಆ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಸಾರಲಾಯಿತು. ಇದನ್ನೆಲ್ಲ ಮುಂಗಂಡು ನಕ್ಷೆ ಬರೆದವರು ಯಾರೂ ಇಲ್ಲ. ಹಳೆಯ ಗೋಡೆಗಳಿಗೆ ಒಂದು ಬಳಕೆ ದೊರೆಯಿತು, ಬಳಕೆಯಿಂದ ರಕ್ಷಣೆ ದೊರೆಯಿತು. ಕಂದಕದ ಆಚೆಯಿಂದ ಕೇಳಿಬಂದ ನವಿಲಿನ ಕೂಗನ್ನು ಆಲಿಸುತ್ತ ಮಾಮನವರು, "ಖಾಲಿ ಬಿಟ್ಟ ಕ್ವಾಟಿ, ಖಾಲಿ ಬಿಟ್ಟ ಮನಿ ಎರಡೂ ಒಂದೇ. ಒಳಗ ಉಸಿರಾಡೂ ಜೀವ ಇರಬೇಕು" ಎಂದರು.

ಶಿಗ್ಗಾವಿಯ ಪೇಟೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ನಡೆದು ನೋಡಿದೆವು. ಪುಣೆ ಬೆಂಗಳೂರು ಹೆದ್ದಾರಿ ಊರಿನ ಪಕ್ಕದಲ್ಲೇ ಹಾಯ್ದಿದೆ. ಹೆದ್ದಾರಿಯ ಕಡೆಗೆ ಅಂಗಡಿಗಳು ಮುಖ ತಿರುಗಿಸುವುದು ಸಹಜ. ವ್ಯಾಪಾರಕ್ಕೆ ಅಡ್ಡಿ ಬರಬಾರದು. ಆದರೆ ವಾಹನಗಳ ರಸ್ತೆಯ ಅಗಲವನ್ನೇ ಕಾಲ್ನಡಿಗೆಯ ಓಣಿಗೂ ತಂದಿಟ್ಟರೆ ಓಣಿಯಲ್ಲಿ ಕೂಸು ಆಡಲಾರದು, ಮುದುಕರು ಕೂರಲಾರರು. ಎಲ್ಲ ಬೀದಿಗೂ ಒಂದೇ ಅಳತೆಯ ಅಂಗಿ ಹೊಲಿಯಬಾರದು ಎಂಬುದು ಮಾಮನವರ ಅಭಿಪ್ರಾಯ. ಸಂಜೆ ಶಿಶುವಿನಹಾಳಕ್ಕೆ ಹೋಗಿ ಶರೀಫಜ್ಜನ ಗದ್ದುಗೆಗೆ ನಮಸ್ಕರಿಸಿ ಬಂದೆವು. ಎಲ್ಲ ಜಾತಿ ಮತದ ಜನ ಒಂದೇ ಅಂಗಳದಲ್ಲಿ ಕುಳಿತ ಆ ನೋಟವೂ ಒಂದು ಊರಿನ ಆಸ್ತಿಯೇ.

ಸವಣೂರು: ಬಿದ್ದ ಮರ ಎದ್ದ ಕಥೆ

ಮೂರನೆಯ ದಿನದ ಸವಣೂರು ನಮಗೆಲ್ಲ ಪ್ರಿಯವಾಯಿತು. ಖಾರ, ವೀಳ್ಯದೆಲೆಗಳಿಂದ ಮನೆಮಾತಾದ ಊರು. ನವಾಬರ ಮನೆತನ ಬಂಕಾಪುರದ ಸೀಮೆಯನ್ನು ಪಡೆದು ಮುಂದೆ ಸವಣೂರನ್ನು ರಾಜಧಾನಿ ಮಾಡಿಕೊಂಡಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಅರಮನೆ, ಮಸೀದಿಗಳ ಜೊತೆಗೆ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವೂ ಇಲ್ಲಿಯೇ ಇದೆ. ಜ್ಞಾನಪೀಠ ಪುರಸ್ಕೃತ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ.

ಮಾಮನವರು ನಮ್ಮನ್ನು ಇಲ್ಲಿಗೆ ಕರೆತಂದದ್ದು ಬೇರೊಂದು ಕಾರಣಕ್ಕೆ. ಹಳೆಯ ಗ್ಯಾಸೆಟಿಯರು ಈ ಊರಿನ ವಿಷಯದಲ್ಲಿ ಒಂದು ಸಂಗತಿಯನ್ನು ದಾಖಲಿಸಿದೆ. ಮುಕ್ಕಾಲು ಚದರ ಮೈಲಿಯ ಈ ಪಟ್ಟಣದ ಸುತ್ತ ಕಂದಕವಿತ್ತು, ಎಂಟು ಅಗಸೆ ಬಾಗಿಲುಗಳಿದ್ದವು, ಅವುಗಳಲ್ಲಿ ಮೂರು ಹಾಳಾಗಿದ್ದವು. 1868ರಿಂದ 1876ರ ವರೆಗಿನ ವರ್ಷಗಳಲ್ಲಿ ಊರನ್ನು ಬಹಳವಾಗಿ ಸುಧಾರಿಸಲಾಯಿತು: ರಸ್ತೆಗಳನ್ನು ಅಗಲ ಮಾಡಿ ಖಡಿ ಹಾಕಿದರು, ಹಳೆಯ ಬಾವಿಗಳನ್ನೂ ಹೊಂಡಗಳನ್ನೂ ದುರಸ್ತಿ ಮಾಡಿಸಿದರು. ನಗರ ಯೋಜನೆ ಎಂಬ ಶಾಸ್ತ್ರ ಇನ್ನೂ ಕಣ್ಣು ತೆರೆಯದಿದ್ದ ಕಾಲವದು. ಗೆಡ್ಡಿಸ್ ಆಗ ಇನ್ನೂ ತರುಣರು. ಆ ದಿನಗಳಲ್ಲೇ ನಮ್ಮ ಸೀಮೆಯ ಒಂದು ಊರಿನಲ್ಲಿ ರಸ್ತೆ ಅಗಲವಾಗುವ ಕೆಲಸವೂ ಬಾವಿಯ ಹೂಳು ತೆಗೆಯುವ ಕೆಲಸವೂ ಕೂಡಿಯೇ ನಡೆದವು. ರಸ್ತೆ ಅಗಲ ಮಾಡುವುದೇ ತಪ್ಪೆಂದು ಇದುವರೆಗೆ ತಿಳಿದಿದ್ದ ನಾವು ಇಲ್ಲಿ ನಮ್ಮ ತಿಳಿವಳಿಕೆಯನ್ನು ತಿದ್ದಿಕೊಂಡೆವು. ರಸ್ತೆಯನ್ನಷ್ಟೇ ನೋಡಿ ಬಾವಿಯನ್ನು ಮರೆತಾಗ ತಪ್ಪಾಗುತ್ತದೆ.

ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಪ್ರಸಿದ್ಧವಾದ ಮೂರು ದೊಡ್ಡಹುಣಸೆ ಮರಗಳು. ಆಫ್ರಿಕಾದ ಮೂಲದ ಈ ಮರಗಳು ಇಲ್ಲಿಗೆ ಯಾವಾಗ ಬಂದವೆಂಬುದಕ್ಕೆ ಊರಿನವರಲ್ಲಿ ಹತ್ತು ಕಥೆಗಳಿವೆ. ಹತ್ತಾರು ಜನ ಕೈಕೈ ಹಿಡಿದು ಅಪ್ಪಬೇಕಾದಂಥ ಬೊಡ್ಡೆಗಳು. 2023ರ ಜುಲೈ ತಿಂಗಳ ಮಳೆಗಾಲದಲ್ಲಿ ಇವುಗಳಲ್ಲಿ ಒಂದು ಬುಡಸಮೇತ ಉರುಳಿತು. ಸುದ್ದಿ ಕೇಳಿ ಜನ ಕಣ್ಣೀರಿಟ್ಟರು. ಸೌದೆಯಾಗಬಹುದಿದ್ದ ಆ ಮರವನ್ನು ಕಡಿಯಲಿಲ್ಲ. ಜಿಲ್ಲಾಡಳಿತ, ತಜ್ಞರು, ಮಠದವರು, ಊರವರು ಕೂಡಿದರು. ಯಂತ್ರಗಳ ಸಹಾಯದಿಂದ ಕೆಲವೇ ದಿನಗಳಲ್ಲಿ ಮರವನ್ನು ಎತ್ತಿ ಮತ್ತೆ ಅದೇ ನೆಲದಲ್ಲಿ ನಿಲ್ಲಿಸಿದರು.

ಆ ಮರದ ಮುಂದೆ ನಿಂತಾಗ ನಮ್ಮ ಕಿರಿಯ ತಮ್ಮ ಮೆಲ್ಲನೆ ಕೇಳಿದನು: "ಮಾಮಾ, ಇಷ್ಟೆಲ್ಲಾ ಖರ್ಚು ಮಾಡೂಕಿಂತ ಹತ್ತು ಹೊಸಾ ಸಸಿ ಹಚ್ಚಬಹುದಿತ್ತಲ್ಲರೀ?"

"ಹಚ್ಚಲಿ, ಅದನ್ನೂ ಹಚ್ಚಲಿ. ಆದರ ನಿನ್ನ ಅವ್ವ ಜಾರಿ ಬಿದ್ದರ ದವಾಖಾನಿಗೆ ಒಯ್ಯೂ ಮೊದಲು ಲೆಕ್ಕಾ ಹಾಕತಿಯೇನು?"

ಎಲ್ಲರೂ ನಕ್ಕೆವು. ಆದರೆ ತಮ್ಮನು ಆ ದಿನ ಮತ್ತೆ ಮಳಿಗೆಯ ಮಾತೆತ್ತಲಿಲ್ಲ.

ಹಿರೇಕೆರೂರು: ಹೆಸರಿನಲ್ಲೇ ಕೆರೆ

ಕೊನೆಯ ದಿನ ಹಾವೇರಿಯನ್ನು ದಾಟಿ ದಕ್ಷಿಣಕ್ಕೆ ಹಿರೇಕೆರೂರಿನ ಕಡೆಗೆ ಹೊರಟೆವು. ಬ್ರಿಟಿಷರ ಕಾಲದಲ್ಲಿ ಕೋಡ ಎಂಬ ಹೆಸರಿನ ತಾಲೂಕಿಗೆ ಈ ಊರು ಮುಖ್ಯ ಸ್ಥಳವಾಗಿತ್ತು. ಊರಿನ ಹೆಸರಿನಲ್ಲೇ ಕೆರೆ ಇದೆ. ದುರ್ಗಾದೇವಿಯ ಗುಡಿ, ಅದಕ್ಕೆ ಹೊಂದಿದ ಕೆರೆ, ಕೆರೆಗೆ ಹೊಂದಿದ ಊರು. ನಮ್ಮ ಹಿರಿಯರು ಮೊದಲು ನೀರನ್ನು ನಿಲ್ಲಿಸಿದರು, ನೀರಿನ ಬಳಿಯಲ್ಲಿ ದೇವರನ್ನು ನಿಲ್ಲಿಸಿದರು, ಆಮೇಲೆ ತಾವು ನಿಂತರು. ನಾವು ಈಗ ಮೊದಲು ಬಡಾವಣೆಯ ಕಲ್ಲು ನೆಟ್ಟು, ಕೊನೆಗೆ ನೀರು ಎಲ್ಲಿಂದ ಬರುವುದೆಂದು ಹುಡುಕುತ್ತೇವೆ.

ಅಬಲೂರಿಗೆ ಹೋಗದೆ ಮರಳುವುದುಂಟೆ? ಏಕಾಂತದ ರಾಮಯ್ಯನವರ ಶಿವನಿಷ್ಠೆಯ ಕಥೆಯನ್ನು ಕಲ್ಲಿನಲ್ಲಿ ಕಂಡರಿಸಿದ ಶಾಸನ ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿದೆ. ಸರ್ವಜ್ಞನ ಹೆಸರೂ ಈ ನೆಲಕ್ಕೆ ಅಂಟಿಕೊಂಡಿದೆ. ಅಲ್ಲಿಂದ ಮಾಸೂರಿನ ಮದಗದ ಕೆರೆ. ಕುಮುದ್ವತಿಯ ನೀರನ್ನು ಗುಡ್ಡಗಳ ನಡುವೆ ತಡೆದು ವಿಜಯನಗರದ ಕಾಲದಲ್ಲಿ ಕಟ್ಟಿದ ಬೃಹತ್ ಕೆರೆ ಅದು. ಒಂದು ಕಾಲಕ್ಕೆ ಒಡೆದುಹೋಯಿತು. ಬ್ರಿಟಿಷರ ಆಡಳಿತದಲ್ಲಿ ಅದನ್ನು ದುರಸ್ತಿ ಮಾಡಿದಾಗ ಹಿಂದಿನ ವಿಸ್ತಾರಕ್ಕೆ ಮರಳಿಸಲಾಗಲಿಲ್ಲ. ಚಿಕ್ಕದಾದ ಕೆರೆಯನ್ನು ಉಳಿಸಿಕೊಂಡರು. ಆ ಚಿಕ್ಕ ಕೆರೆಯೇ ಇಂದಿಗೂ ನಿಂತಿದೆ.

ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟದ ನಡುವೆ ಅಣ್ಣನು ಎಲ್ಲರ ಮನಸ್ಸಿನಲ್ಲಿದ್ದ ಮಾತನ್ನು ಆಡಿದನು. ಮನೆಯನ್ನು ಪೂರ್ತಿ ಹಳೆಯ ರೀತಿಯಲ್ಲಿ ಉಳಿಸಲು ನಮ್ಮಲ್ಲಿ ಹಣವಿಲ್ಲ, ಕೆಡವಿದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಏನು ಮಾಡಬೇಕು? ಮಾಮನವರು ಕೆರೆಯ ಕಡೆಗೆ ಕೈ ತೋರಿಸಿದರು. "ಇದನ್ನ ಕಟ್ಟಿದವರಷ್ಟು ದೊಡ್ಡವರು ನಾವಲ್ಲ. ಆದರ ದುರಸ್ತಿ ಮಾಡಿದವರಷ್ಟರ ಆಗಬಹುದಲ್ಲ?"

ಇಂದೂರಿನ ಮೆರವಣಿಗೆ

ಮರಳುವ ದಾರಿಯಲ್ಲಿ ಮಾಮನವರು ಗೆಡ್ಡಿಸ್ ಅವರ ಕೊನೆಯ ಕಥೆಯನ್ನು ಹೇಳಿದರು. ಅವರನ್ನು ಇಂದೂರಿನ ಮಹಾರಾಜರು ನಗರದ ಸುಧಾರಣೆಗೆ ಕರೆಸಿದ್ದರು. ಊರಲ್ಲಿ ಪ್ಲೇಗು, ಎಲ್ಲೆಲ್ಲೂ ಕಸ. ಅಳೆಯಲು ಓಣಿಗೆ ಬಂದ ಈ ಪರದೇಶಿಯನ್ನು ಕಂಡರೆ ಮನೆ ಕೆಡವಲು ಬಂದನೆಂದು ಜನ ಹೆದರುತ್ತಿದ್ದರು. ಗೆಡ್ಡಿಸ್ ಒಂದು ದಿನದ ಮಟ್ಟಿಗೆ ತಮಗೆ ಮಹಾರಾಜರ ಪದವಿ ಬೇಕೆಂದು ಕೇಳಿ ಪಡೆದರು. ದೀಪಾವಳಿಯ ಮೆರವಣಿಗೆ ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ಚೊಕ್ಕಟವಾಗಿ, ದುರಸ್ತಿಯಾಗಿ ಇವೆಯೋ ಆ ಬೀದಿಯಲ್ಲೇ ಸಾಗುವುದೆಂದು ಡಂಗುರ ಸಾರಿಸಿದರು. ಊರಿಗೆ ಊರೇ ಕಸ ಗುಡಿಸಿ, ಗೋಡೆಗೆ ಸುಣ್ಣ ಬಳಿಯಿತು. ಮೆರವಣಿಗೆಯಲ್ಲಿ ಪೌರಕಾರ್ಮಿಕರು ಶುಭ್ರವಾದ ಬಟ್ಟೆ ತೊಟ್ಟು, ಹೂವಿನ ಹಾರ ಧರಿಸಿ ಗೌರವದಿಂದ ನಡೆದರು. ಪ್ಲೇಗಿನ ರಾಕ್ಷಸನ ಬೊಂಬೆಯನ್ನು ಸುಟ್ಟರು. ಮನೆಮನೆಗೆ ತುಳಸಿಯ ಸಸಿಗಳನ್ನು ಹಂಚಿದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಈ ಕಥೆಯನ್ನು ಕೇಳಿ ಸಂತೋಷವೂ ಆಯಿತು, ತುಸು ನಾಚಿಕೆಯೂ ಆಯಿತು.

ನಮ್ಮ ಊರುಗಳಲ್ಲಿ ಇದಕ್ಕೆ ಹೊಸ ಮೆರವಣಿಗೆ ಬೇಕಿಲ್ಲ. ಜಾತ್ರೆಯ ತೇರು ಪ್ರತಿವರ್ಷ ಎಳೆ ಬರುತ್ತದೆ. ತೇರು ಹೋಗುವ ಬೀದಿಗೆ ಎಷ್ಟು ಅಗಲ ಬೇಕೆಂಬುದನ್ನು ಯಾವ ಇಂಜಿನಿಯರರಿಗಿಂತ ಮೊದಲೇ ನಮ್ಮ ಬಡಿಗರು ಅಳೆದಿದ್ದಾರೆ. ತೇರಿನ ಮುನ್ನಾದಿನ ನಾವು ಮಾಡುವ ಸಾರಣೆ ಕಾರಣೆಯನ್ನು ವರ್ಷದಲ್ಲಿ ನಾಲ್ಕು ಸಲ ಮಾಡಿದರೆ, ತೇರು ಹೋಗದ ಹಿಂದಿನ ಓಣಿಗೂ ಒಯ್ದರೆ, ಗೆಡ್ಡಿಸ್ ಬಯಸಿದ್ದು ನಮ್ಮಲ್ಲಿ ಆದಂತೆಯೇ. ಅವರು 1932ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಹಳೆಯ ಊರು ರೋಗವಲ್ಲ, ರೋಗಿ. ಅದನ್ನು ಕೊಲ್ಲದೆ ಗುಣಪಡಿಸಬೇಕು ಎಂಬ ತಿಳಿವಳಿಕೆಯನ್ನು ಮಾತ್ರ ನಮಗೆ ಬಿಟ್ಟು ಹೋದರು.

ಮನೆಗೆ ಬಂದ ಮೇಲೆ

ಮಳಿಗೆಗಳ ನಕ್ಷೆಯನ್ನು ಮಾಮನವರು ಮಾತು ಕೊಟ್ಟಂತೆ ತಿದ್ದಿಕೊಟ್ಟರು. ತಿದ್ದಿದ ನಕ್ಷೆಯಲ್ಲಿ ದನದ ಕೊಟ್ಟಿಗೆಯ ಜಾಗದಲ್ಲಿ ಬೀದಿಗೆ ಮುಖ ಮಾಡಿ ಎರಡೇ ಅಂಗಡಿಗಳಿವೆ. ಅವುಗಳ ಬಾಡಿಗೆಯಿಂದ ಪಡಸಾಲೆಯ ತೊಲೆಗಳನ್ನೂ ಹಂಚನ್ನೂ ನೇರ್ಪಡಿಸಬೇಕು. ತಲೆಬಾಗಿಲ ಚೌಕಟ್ಟು, ದೇವರ ಮನೆ, ಮುಂದಿನ ಕಟ್ಟೆ ಇದ್ದಂತೆಯೇ ಇರುತ್ತವೆ. ಅಂಗಡಿಯ ಲಾಭ ನಾವು ಮೊದಲು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಅಣ್ಣನಿಗೆ ಈಗಲೂ ಆ ಬಗ್ಗೆ ಸ್ವಲ್ಪ ಕೊರಗು ಇದೆ, ಅದನ್ನು ಮುಚ್ಚಿಡಲಾರೆವು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಎಲ್ಲರಿಗೂ ಹಳೆಯ ಮನೆಯನ್ನು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಆದರೆ ಕೆಡವುವ ಮೊದಲು ಒಂದು ದಿನ ನಿಮ್ಮ ಓಣಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿರಿ. ಯಾವ ಬಾವಿ ಎಲ್ಲಿತ್ತು, ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಒಂದು ಗಿಡ, ಒಂದು ಬಾವಿ, ಒಂದು ಕಟ್ಟೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಉಳಿಸಿರಿ. ಊರು ಒಮ್ಮೆಲೇ ಉಳಿಯುವುದಿಲ್ಲ, ಹೀಗೆ ಮನೆಮನೆಯಿಂದ ಉಳಿಯುತ್ತದೆ.

ಶಿವರಾತ್ರಿಗೆ ಮುಂಚೆ ಬಾವಿಯ ಕೆಲಸ ಹಿಡಿದೆವು. ನಾವೇ ತುಂಬಿದ ಕಲ್ಲು ಇಟ್ಟಂಗಿಗಳನ್ನು ನಾವೇ ಕೂಲಿ ಕೊಟ್ಟು ತೆಗೆಸಿದೆವು. ಒಂಬತ್ತನೆಯ ದಿನ ಕೆಳಗಿನಿಂದ ಬಂದ ಬುಟ್ಟಿಯ ಮಣ್ಣು ಹಸಿಯಾಗಿತ್ತು. ತಾಯಿಯವರು ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರು. ಏನನ್ನೂ ಹೇಳದೆ ಒಳಗೆ ಹೋಗಿ ಅರಿಷಿಣ ಕುಂಕುಮದ ಬಟ್ಟಲನ್ನು ತಂದರು.